ಶ್ವಾಸಕೋಶದ ಗಂಟು: ಸಿಟಿ ಸ್ಕ್ಯಾನ್ ಓದುವ ಬಗೆ

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತಾದರೂ ಸುರಂಗದ ಕಲ್ಲುದೂಳು ಅಲ್ಲಿ ದುಡಿದವರ ಎದೆಯಲ್ಲಿ ಉಳಿದುಕೊಂಡಿದೆ. ಅದರ ಜತೆಗೆ ಹಳೆಯ ಕ್ಷಯದ ಕಲೆಗಳೂ ಸೇರುವುದರಿಂದ, ಕೋಲಾರದ ಕಡೆಯ ಹಿರಿಯರು ಬೇರಾವುದೋ ಕಾರಣಕ್ಕೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ ‘ನಾಡ್ಯೂಲ್’ ಎಂಬ ಪದ ಕಂಡು ಗಾಬರಿಯಾಗುವುದುಂಟು. 3 ಸೆಂ.ಮೀ.ವರೆಗಿನ ದುಂಡನೆಯ ಗಂಟಿಗೆ ಈ ಹೆಸರು. ಅದು ವಾಸಿಯಾದ ಕಲೆಯೋ, ಆರಂಭದ ಹಂತದ ಕ್ಯಾನ್ಸರೋ ಎಂಬುದನ್ನು ರೇಡಿಯಾಲಜಿ ವೈದ್ಯರು ಹಂತ ಹಂತವಾಗಿ ಬಿಡಿಸಿಕೊಳ್ಳುತ್ತಾರೆ.

ಮೊದಲು ನೋಡಬೇಕಾದದ್ದು ಸ್ಲೈಸ್‌ನ, ಅಂದರೆ ಸ್ಕ್ಯಾನ್ ಎದೆಯನ್ನು ಹೋಳುಹೋಳಾಗಿ ತೋರಿಸುವ ಒಂದೊಂದು ಚಿತ್ರದ, ದಪ್ಪ. 5 ಮಿ.ಮೀ. ಸ್ಲೈಸ್‌ನಲ್ಲಿ ಪುಟ್ಟ ಗಂಟಿನೊಳಗಿನ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆ ಸುತ್ತಲಿನ ಗಾಳಿಯೊಂದಿಗೆ ಬೆರೆತು ಮರೆಯಾಗಬಹುದು. ಆದ್ದರಿಂದ 1ರಿಂದ 1.5 ಮಿ.ಮೀ. ಸ್ಲೈಸ್‌ಗಳನ್ನೇ ಓದಬೇಕು.

ಎರಡನೆಯದು ಗಂಟಿನ ಒಳಗು. ಸುಣ್ಣವು ಗಂಟಿನ ತುಂಬ, ನಟ್ಟನಡುವೆ ಅಥವಾ ಈರುಳ್ಳಿಯಂತೆ ಪದರಪದರವಾಗಿ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಹಳೆಯ ಸೋಂಕಿನ ಗುರುತು. ಪಾಪ್‌ಕಾರ್ನ್ ಆಕಾರದ ಸುಣ್ಣವಾಗಲಿ, ಕೊಬ್ಬಾಗಲಿ ಕಂಡರೆ ಹ್ಯಾಮಾರ್ಟೋಮಾ ಎಂಬ ನಿರಪಾಯಕಾರಿ ಗಡ್ಡೆಯ ಸಾಧ್ಯತೆ ಹೆಚ್ಚು. ಸುಣ್ಣ ಒಂದು ಅಂಚಿಗೆ ಸರಿದಿದ್ದರೆ ಅಥವಾ ಅಲ್ಲಲ್ಲಿ ಚೆಲ್ಲಿದಂತಿದ್ದರೆ ಈ ಭರವಸೆ ಇಲ್ಲ.

ಅಂಚನ್ನು ನೋಡುವ ಮೂರನೆಯ ಹಂತದಲ್ಲಿ ನಮ್ಮ ಭಾಗದಲ್ಲಿ ವಿಶೇಷ ಎಚ್ಚರ ಬೇಕು. ಮುಳ್ಳುಮುಳ್ಳಾದ ಅಂಚು, ಶ್ವಾಸಕೋಶದ ಮೇಲಿನ ಹಾಲೆಯ (ಲೋಬ್) ಸ್ಥಾನ ಇವೆರಡೂ ಕ್ಯಾನ್ಸರಿನ ಶಂಕೆಯನ್ನು ಹೆಚ್ಚಿಸುತ್ತವೆ ಎಂಬುದು ನಿಜವೇ. ಆದರೆ ಕ್ಷಯದ ಕಲೆಯೂ ಮುಳ್ಳಾಗಬಲ್ಲದು, ಕ್ಷಯ ಮತ್ತು ಸಿಲಿಕೋಸಿಸ್ (ಕಲ್ಲಿನ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಎರಡಕ್ಕೂ ಮೇಲಿನ ಹಾಲೆಯೇ ನೆಲೆ. ಸಿಲಿಕೋಸಿಸ್‌ನ ಗಂಟುಗಳು ಸಾಮಾನ್ಯವಾಗಿ ಹಲವಾಗಿ, ಎರಡೂ ಕಡೆ, ರಾಗಿಕಾಳು ಎರಚಿದಂತೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ. ಆ ಕಾಳುಗಳ ನಡುವೆ ಅವರೆಕಾಳಿನಂತೆ ಒಂದು ಮಾತ್ರ ಬೇರೆಯಾಗಿ ಎದ್ದು ಕಂಡರೆ ಅದನ್ನು ‘ಗಣಿಯ ದೂಳು’ ಎಂದು ಬದಿಗೆ ಸರಿಸುವಂತಿಲ್ಲ, ಏಕೆಂದರೆ ಸಿಲಿಕಾ ದೂಳು ತಾನೇ ಕ್ಯಾನ್ಸರ್‌ಕಾರಕ.

ಗಟ್ಟಿ ಗಂಟುಗಳಲ್ಲದೆ, ಮಂಜು ಕವಿದ ಗಾಜಿನಂತೆ ಮಸುಕಾದವೂ ಇವೆ. ಸೋಂಕಿನಿಂದ ಬಂದ ಮಸುಕು ಕೆಲವು ತಿಂಗಳಲ್ಲಿ ಕರಗುತ್ತದೆ. ಕರಗದೆ ಉಳಿದು ನಡುವೆ ಗಟ್ಟಿ ಭಾಗ ಮೂಡಿದರೆ ಶಂಕೆ ಬಲವಾಗುತ್ತದೆ.

ಇಷ್ಟಾದರೂ ಒಂದೇ ಸ್ಕ್ಯಾನ್ ಎಷ್ಟೋ ಸಲ ತೀರ್ಪು ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ದುಬಾರಿ ಪರೀಕ್ಷೆಗಳಿಗಿಂತ ಮೊದಲು ಕೇಳಬೇಕಾದದ್ದು ಬೀರುವಿನ ಮೇಲೆ ದೂಳು ಹಿಡಿದು ಕುಳಿತ ಹಳೆಯ ಫಿಲ್ಮ್ ಅಥವಾ ಸಿಡಿಯನ್ನು. ಗಟ್ಟಿ ಗಂಟು ಎರಡು ವರ್ಷ ಅಳತೆ ಬದಲಿಸದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಮಸುಕು ಗಂಟು ನಿಧಾನವಾಗಿ ಬೆಳೆಯುವುದರಿಂದ ಅದಕ್ಕೆ ಐದು ವರ್ಷಗಳ ನಿಗಾ ಬೇಕು. 8 ಮಿ.ಮೀ. ಗಂಟು 10 ಮಿ.ಮೀ. ಆಗಿದ್ದರೆ ‘ಎರಡೇ ಮಿಲಿಮೀಟರ್’ ಎನ್ನಿಸಬಹುದು, ಆದರೆ ಅಷ್ಟರಲ್ಲಿ ಅದರ ಘನಗಾತ್ರ ಸುಮಾರು ಇಮ್ಮಡಿಯಾಗಿರುತ್ತದೆ. ಎರಡು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಅಳತೆಯ ದೋಷವೂ ಆಗಿರಬಹುದು.

ಹಳೆಯ ಚಿತ್ರವೇ ಇಲ್ಲದಿದ್ದರೆ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ನೆರವಿಗೆ ಬರುತ್ತದೆ. ಒಂಟಿ ಗಟ್ಟಿ ಗಂಟು 6 ಮಿ.ಮೀ.ಗಿಂತ ಚಿಕ್ಕದಾಗಿದ್ದು ಧೂಮಪಾನ, ಗಣಿಯ ದೂಳಿನಂಥ ಅಪಾಯದ ಹಿನ್ನೆಲೆ ಇಲ್ಲದಿದ್ದರೆ ಮರುಪರೀಕ್ಷೆ ಬೇಕಿಲ್ಲ. 6ರಿಂದ 8 ಮಿ.ಮೀ. ಇದ್ದರೆ 6ರಿಂದ 12 ತಿಂಗಳಲ್ಲಿ ಮತ್ತೊಂದು ಸಿಟಿ, 8 ಮಿ.ಮೀ. ದಾಟಿದ್ದರೆ ಮೂರು ತಿಂಗಳಲ್ಲಿ ಸಿಟಿ, ಇಲ್ಲವೇ ಪೆಟ್ ಸ್ಕ್ಯಾನ್ (ಹೆಚ್ಚು ಸಕ್ಕರೆ ಬಳಸುವ ಚುರುಕಾದ ಜೀವಕೋಶಗಳು ಹೊಳೆದು ಕಾಣುವ ಸ್ಕ್ಯಾನ್) ಅಥವಾ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ). ಈ ಲೆಕ್ಕ 35 ವರ್ಷದೊಳಗಿನವರಿಗೆ, ಈಗಾಗಲೇ ಕ್ಯಾನ್ಸರ್ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅನ್ವಯಿಸುವುದಿಲ್ಲ.

ಪೆಟ್ ಸ್ಕ್ಯಾನ್‌ನಲ್ಲಿ ಸಕ್ರಿಯ ಕ್ಷಯವೂ ಕ್ಯಾನ್ಸರಿನಂತೆಯೇ ಹೊಳೆಯುವುದರಿಂದ ನಮ್ಮಲ್ಲಿ ಹೊಳಪನ್ನಷ್ಟೇ ನಂಬಿ ನಿರ್ಧರಿಸುವುದು ಸರಿಯಲ್ಲ. ಬಯಾಪ್ಸಿ ಅನಿವಾರ್ಯವಾದಾಗ ತುಣುಕೆಲ್ಲವನ್ನೂ ಫಾರ್ಮಲಿನ್‌ಗೆ (ತುಣುಕು ಕೆಡದಂತೆ ಇಡುವ ರಾಸಾಯನಿಕ ದ್ರಾವಣ) ಹಾಕದೆ ಒಂದಂಶವನ್ನು ಸಲೈನ್‌ನಲ್ಲಿ (ಉಪ್ಪುನೀರಿನ ದ್ರಾವಣ) ಕಳಿಸುವಂತೆ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಫಾರ್ಮಲಿನ್‌ನಲ್ಲಿ ಕ್ಷಯದ ರೋಗಾಣು ಸಾಯುವುದರಿಂದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆ ತುಣುಕು ಒದಗುವುದಿಲ್ಲ.