ಹಳೇ ಕಾಲದ್ದೇ ಅನ್ನಿಸೋ ಹಾಟ್ ರಾಡ್ ರೋಡ್‌ಸ್ಟರ್ ಕಟ್ಟೋದು ಹೆಂಗೆ

ಹಾಟ್ ರಾಡ್ ಅಂದ್ರೆ ಹಗುರ ಮಾಡಿ, ಜೋರಾಗಿ ಓಡೋ ಹಂಗೆ ಬದಲಾಯಿಸಿದ ಹಳೇ ಕಾರು, ರೋಡ್‌ಸ್ಟರ್ ಅಂದ್ರೆ ಗಟ್ಟಿ ಮೇಲ್ಛಾವಣಿ ಇಲ್ಲದ ಕಾರು. ಕಟ್ಟೋಕೆ ಮೊದ್ಲು ಒಂದು ಇಸವಿ ಫಿಕ್ಸ್ ಮಾಡ್ಕೊಳ್ಳಿ, ಪಾನಾ ಹಿಡಿಯೋದು ಆಮೇಲೆ. ನನ್ನ ಕೇಳಿದ್ರೆ 1949. ಯುದ್ಧ ಮುಗಿಸಿ ಬಂದ ಕ್ಯಾಲಿಫೋರ್ನಿಯಾ ಹುಡುಗ್ರು ಹಳೇ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತಾಕಿ, ಹಗುರ ಮಾಡಿ, ಎಲ್ ಮಿರಾಜ್ ಒಣಕೆರೆ ಮೇಲೆ ಓಡಿಸ್ತಿದ್ದ ಕಾಲ ಅದು, ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಮೊದಲ ಸ್ಪೀಡ್ ವೀಕ್, ಅಂದ್ರೆ ಯಾರ ಗಾಡಿ ಎಷ್ಟು ಜೋರು ಅಂತ ನೋಡೋ ಪಂದ್ಯ, ನಡೆದಿದ್ದೂ ಅದೇ ವರ್ಷ. ಆ ಇಸವಿ ಆದ್ಮೇಲೆ ಬಂದ ಒಂದು ಪಾರ್ಟೂ ಕಣ್ಣಿಗೆ ಬೀಳಬಾರ್ದು, ಇಷ್ಟೇ ರೂಲು.

ಕಾರಿನ ಬಾಡಿ 1928-29ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್‌ದು ತಗೊಳ್ಳಿ, ಕೆಳಗೆ 1932ರ ಫೋರ್ಡ್ ಚಾಸಿ. ಮಾಡೆಲ್ ಎ ಚಾಸಿಗಿಂತ ಅದು ಎರಡೂವರೆ ಇಂಚು ಉದ್ದ ಜಾಸ್ತಿ, ಗಟ್ಟಿ, ವಿ8 ಇಂಜಿನ್ ಫ್ಯಾಕ್ಟರಿಯಿಂದ್ಲೇ ಅದ್ರಲ್ಲಿ ಬಂದಿತ್ತು, ಮೇಲಾಗಿ ಮಡ್‌ಗಾರ್ಡ್ ಇಲ್ದೆ ಇದ್ರೂ ಸೈಡಿಂದ ನೋಡೋಕೆ ಚೆನ್ನಾಗಿರುತ್ತೆ. ಮಾಡೆಲ್ ಎ ಪೆಟ್ರೋಲ್ ಟ್ಯಾಂಕು ಡ್ಯಾಶ್‌ಬೋರ್ಡ್ ಹಿಂದೆ, ನಿಮ್ಮ ಮೊಣಕಾಲ ಮುಂದೇನೇ ಇರುತ್ತೆ, ಅದನ್ನ ತೆಗೆದು ಹೊಸಾ ಟ್ಯಾಂಕ್ ಡಿಕ್ಕಿಗೆ ಹಾಕಿ.

ಇಂಜಿನ್ನು ಫ್ಲ್ಯಾಟ್‌ಹೆಡ್ ವಿ8, ಅಂದ್ರೆ ವಾಲ್ವ್‌ಗಳು ಬ್ಲಾಕಲ್ಲೇ ಇದ್ದು ಮೇಲಿನ ಹೆಡ್ ಚಪ್ಪಟೆ ಇರೋ ಫೋರ್ಡ್ ಇಂಜಿನ್, ಯುದ್ಧ ಮುಗಿದ್ಮೇಲಿನ 239 ಕ್ಯೂಬಿಕ್ ಇಂಚಿಂದು. ದುಡ್ಡು ಕೊಡೋ ಮುಂಚೆ ವಾಲ್ವ್ ಸೀಟಿಂದ ಸಿಲಿಂಡರ್ ಕಡೆಗೆ ಬಿರುಕು ಬಿಟ್ಟಿದ್ಯಾ ಅಂತ ಮ್ಯಾಗ್ನಾಫ್ಲಕ್ಸ್ ಟೆಸ್ಟ್ (ಆಯಸ್ಕಾಂತದಿಂದ ಬಿರುಕು ಹುಡುಕೋದು) ಮಾಡಿಸ್ಲೇಬೇಕು, ಬೋರ್ ಹೊಡೆಸಿ, ಅಂದ್ರೆ ಸಿಲಿಂಡರ್ ಕೊರೆಸಿ ಆದ್ಮೇಲೆ ಬಿರುಕು ಕಂಡ್ರೆ ಆ ದುಡ್ಡು ನೀರಲ್ಲಿ ಹೋಮ. ಇದು ಹೀಟಾಗೋ ಇಂಜಿನ್ ಅನ್ನೋದು ಸುಳ್ಳಲ್ಲ, ಯಾಕಂದ್ರೆ ಎಕ್ಸಾಸ್ಟ್ ಬಿಸಿ ಬ್ಲಾಕಿನ ಒಳಗಿಂದ್ಲೇ ಹಾದು ಆಚೆ ಹೋಗುತ್ತೆ, ಜೊತೆಗೆ ಒಂದೊಂದು ಸೈಡಲ್ಲೂ ಮಧ್ಯದ ಎರಡು ಸಿಲಿಂಡರಿಗೆ ಸೇರಿ ಎಕ್ಸಾಸ್ಟಿಗೆ ಒಂದೇ ದಾರಿ. ಹಂಗಾಗಿ ನೀರಿನ ದಾರಿಯಲ್ಲಿರೋ ತುಕ್ಕು, ಮಣ್ಣು ಎಲ್ಲಾ ಕೆರೆದು ತೆಗೀರಿ, ರೇಡಿಯೇಟರ್‌ನಲ್ಲಿ ಜಿಪುಣತನ ಬೇಡ. ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್ ಸಾಕು, ಆದ್ರೆ ಪೆಟ್ರೋಲ್ ಪ್ರೆಶರ್ ಎರಡೂವರೆ ಪಿಎಸ್‌ಐ ದಾಟಿದ್ರೆ ಪೆಟ್ರೋಲ್ ಉಕ್ಕಿ ಫ್ಲಡ್ ಆಗಿಬಿಡುತ್ತೆ, ಎಲೆಕ್ಟ್ರಿಕ್ ಪಂಪ್ ಹಾಕೋರು ರೆಗ್ಯುಲೇಟರ್ ಮರೀಬೇಡಿ. ಗೇರ್‌ಬಾಕ್ಸ್ 1939ರ ಫೋರ್ಡ್‌ದು, ಮೂರು ಗೇರು.

ಮುಂದುಗಡೆ ಡ್ರಾಪ್ಡ್ ಆಕ್ಸಲ್, ಅಂದ್ರೆ ಗಾಡಿ ಮುಂಭಾಗ ತಗ್ಗಲಿ ಅಂತ ಬಗ್ಗಿಸಿದ ಆಕ್ಸಲ್. ಬ್ರೇಕು 1939ರಿಂದ 48ರೊಳಗಿನ ಫೋರ್ಡ್ ಹೈಡ್ರಾಲಿಕ್, 39ಕ್ಕಿಂತ ಹಿಂದಿನದು ರಾಡೋ ಕೇಬಲ್ಲೋ ಎಳೆದು ಹಿಡಿಯೋದು, ಬೇಡ. ಇಲ್ಲಿ ಮಾತ್ರ ನಾನು ರೂಲ್ ಮುರೀತೀನಿ: ಎರಡು ಸರ್ಕ್ಯೂಟಿನ (ಒಂದು ಕೆಟ್ರೂ ಇನ್ನೊಂದು ಬ್ರೇಕ್ ಹಿಡಿಯೋ) ಮಾಸ್ಟರ್ ಸಿಲಿಂಡರ್ ಫ್ಲೋರ್ ಕೆಳಗೆ ಬಚ್ಚಿಡಿ, ಸೀಟ್ ಬೆಲ್ಟೂ ಹಾಕಿ, ಯಾರೇನ್ ಬೇಕಾದ್ರೂ ಅಂದ್ಕೊಳ್ಲಿ.

ಟೈರು ಮುಂದೆ ಸಣ್ಣದು, ಹಿಂದೆ ದೊಡ್ಡದು, 5.50-16 ಮತ್ತು 7.00-16 ಬಯಾಸ್ ಪ್ಲೈ, ಅಂದ್ರೆ ಒಳಗಿನ ದಾರಗಳು ಓರೆಯಾಗಿರೋ ಹಳೇ ಥರದ ಟೈರು. ರೇಡಿಯಲ್ ಹಾಕಿದ್ರೆ ಇಡೀ ಗಾಡಿ ಕೆಟ್ಟೋಗುತ್ತೆ. ಸ್ಟೇರಿಂಗ್ ವೀಲ್ 1940ರ ಫೋರ್ಡ್‌ದು, ಮೀಟರ್‌ಗಳು ಸ್ಟೀವರ್ಟ್ ವಾರ್ನರ್, ಹಿಂದೆ 39ರ ಹನಿ ಆಕಾರದ ಟೈಲ್ ಲೈಟು. ವೈರಿಂಗಿಗೆ ಬಟ್ಟೆ ಸುತ್ತಿದ ವೈರೇ ಸಿಗುತ್ತೆ, ಪ್ಲಾಸ್ಟಿಕ್ ಟೈ, ಅಲೆನ್ ಬೋಲ್ಟು ಹತ್ರಕ್ಕೂ ಬೇಡ.

ಪೇಂಟು ಕೊನೆಗೆ. ಒಂದಷ್ಟು ದಿನ ಪ್ರೈಮರ್‌ನಲ್ಲೇ ಓಡ್ಸಿ, ಎಲ್ಲಿ ಉಜ್ಜುತ್ತೆ, ಏನು ಸೋರುತ್ತೆ ಗೊತ್ತಾಗ್ಲಿ. ಎಲ್ಲಾ ಸರಿಮಾಡಿ ಆಮೇಲೆ ಕಪ್ಪು ಹೊಡೀರಿ, ಎಣ್ಣೆ ತೊಟ್ಟಿಕ್ಕೋದು ಮಾತ್ರ ಪೂರ್ತಿ ನಿಲ್ಲಲ್ಲ, ಕೆಳಗೊಂದು ರಟ್ಟು ಹಾಕ್ಕೊಳ್ಳಿ.