ಸೈಕಾಲಜಿ ಬಿ.ಎ. ಮುಗಿಯಿತು: ಮುಂಬೈ, ಪುಣೆ, ಗೋವಾದಲ್ಲಿ ಕೆಲಸ ಹುಡುಕುವುದು ಹೇಗೆ?

ಮೂರು ವರ್ಷದ ಸೈಕಾಲಜಿ ಬಿ.ಎ. ಮಾಡಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞ) ಆಗುವುದಿಲ್ಲ. ಆ ಹೆಸರಲ್ಲಿ ಕೆಲಸ ಮಾಡಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಾಸ ಪರಿಷತ್ತಿನ ನೋಂದಣಿ ಬೇಕು. ವಾರಾಂತ್ಯದ ಕೌನ್ಸೆಲಿಂಗ್ ಸರ್ಟಿಫಿಕೇಟುಗಳಿಂದ ಅದು ಸಿಗದು. ಆದ್ದರಿಂದ ಮೊದಲು ಮನೆಯಲ್ಲಿ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಇನ್ನೂ ಎರಡು ಮೂರು ವರ್ಷ ಓದುವ ಅನುಕೂಲ ಇದೆಯೇ, ಇಲ್ಲ ಸಂಬಳ ಈಗಲೇ ಬೇಕೇ?

ಸಂಬಳ ಈಗಲೇ ಬೇಕಿದ್ದರೆ

ಪುಣೆಯ ಹಿಂಜವಡಿ, ಖರಾಡಿಯ ಕಂಪನಿಗಳಲ್ಲಿ ನೇಮಕಾತಿ ವಿಭಾಗ, ಮುಂಬೈಯಲ್ಲಿ ಮಾರುಕಟ್ಟೆ ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕೆಲಸ: ಇವಕ್ಕೆ ಪದವಿ ಸಾಕು. ಎಕ್ಸೆಲ್ ಚೆನ್ನಾಗಿ ಬರಬೇಕು, ಅಷ್ಟೇ.

ಮುಂದೆ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇರುವವರಿಗೆ ಶ್ಯಾಡೋ ಟೀಚರ್ ಕೆಲಸ ಒಳ್ಳೆಯ ಆರಂಭ. ಆಟಿಸಂ ಅಥವಾ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿನ ಪಕ್ಕ ಮಾಮೂಲಿ ತರಗತಿಯಲ್ಲೇ ಕೂತು ನೆರವಾಗುವುದು ಇದರ ಕೆಲಸ. ದಿನವೂ ಮೂರು ಕಾಲಂ ಬರೆಯಬೇಕು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಹೊಸಬರು ಎಡವುವುದು ಇಲ್ಲೇ. ‘ಹಠ ಮಾಡಿದ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಗಂಟೆ ಹೊಡೆಯಿತು, ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋದ, ಟೀಚರ್ ಹೊರಗೆ ಕಳಿಸಿದರು’ ಎಂದು ಬರೆದರೆ ಥೆರಪಿಸ್ಟ್‌ಗೆ ಕಾರಣ ಹೊಳೆಯುತ್ತದೆ. ಇನ್ನೊಂದು ತಪ್ಪು, ಮಗುವಿನ ಕೆಲಸವನ್ನೆಲ್ಲ ತಾವೇ ಮಾಡಿಕೊಡುವುದು. ಸಹಾಯ ಹಂತಹಂತವಾಗಿ ಕಡಿಮೆಯಾಗಬೇಕು. ಸಂಬಳವನ್ನು ಹೆಚ್ಚಾಗಿ ಪೋಷಕರೇ ಕೊಡುವುದರಿಂದ, ಬೇಸಿಗೆ ರಜೆಯ ತಿಂಗಳುಗಳ ಸಂಬಳದ ಮಾತನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಕನ್ನಡ ನಿಮ್ಮ ಕೈಯಲ್ಲಿರುವ ಬಲ

ಗೋವಾದ ವಾಸ್ಕೋ, ಝುವಾರಿನಗರದ ಸುತ್ತ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳಿವೆ. ಮನಸ್ಸಿನ ಸಂಕಟವನ್ನು ಜನ ತಾಯ್ನುಡಿಯಲ್ಲೇ ಹೇಳಿಕೊಳ್ಳುವುದು. ಗೋವಾದಲ್ಲಿ 1996ರಲ್ಲಿ ಶುರುವಾದ ‘ಸಂಗಾತ್’ ಸಂಸ್ಥೆ, ಮನೋವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇರುವವರಿಗೆ 6ರಿಂದ 8 ಭೇಟಿಗಳ ಆಪ್ತಸಮಾಲೋಚನೆ ಕೊಡಿಸಿ ನೋಡಿತು. ಪರಿಣಾಮ ಚೆನ್ನಾಗಿತ್ತು. ಅಲ್ಲಿ ಸಮಾಲೋಚಕರ ಮಾತುಕತೆಯ ಧ್ವನಿಮುದ್ರಣ ಕೇಳಿ ತಿದ್ದುವ ಏರ್ಪಾಡೂ ಇತ್ತು. ಸಹಾಯವಾಣಿ ಅಥವಾ ಸಂಸ್ಥೆಯ ಕೆಲಸಕ್ಕೆ ಸೇರುವಾಗ ನೀವೂ ಇದನ್ನೇ ಕೇಳಿ: ‘ನನ್ನ ಕೆಲಸವನ್ನು ನೋಡಿ ತಿದ್ದುವವರು ಯಾರು? ವಾರಕ್ಕೆ ಎಷ್ಟು ಹೊತ್ತು?’ ಸರಿಯಾದ ಉತ್ತರ ಬಾರದಿದ್ದರೆ ಆ ಕೆಲಸ ಬೇಡ. ಆತ್ಮಹತ್ಯೆಯ ಮಾತು ಬಂದಾಗ ಒಬ್ಬರೇ ನಿಭಾಯಿಸುವ ಪರಿಸ್ಥಿತಿ ನಿಮಗೂ ಒಳ್ಳೆಯದಲ್ಲ, ಎದುರಿನವರಿಗೂ ಅಲ್ಲ.

ರೆಸ್ಯೂಮೆ

‘ಜನರ ಮಾತು ತಾಳ್ಮೆಯಿಂದ ಕೇಳುತ್ತೇನೆ’ ಎಂಬ ಸಾಲು ಹೊಡೆದುಹಾಕಿ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಎಷ್ಟು ಜನರನ್ನು ಮಾತಾಡಿಸಿದಿರಿ, ಯಾವ ಪ್ರಶ್ನಾವಳಿ ಬಳಸಿದಿರಿ, ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿಯ ಹೋಲಿಕೆ) ಮಾಡಿದಿರೋ ಕೋರಿಲೇಶನ್ (ಎರಡು ಅಂಶಗಳ ನಡುವಿನ ಸಂಬಂಧ) ನೋಡಿದಿರೋ, ಅದನ್ನು ಬರೆಯಿರಿ. ಕನ್ನಡ, ಮರಾಠಿ, ಹಿಂದಿ, ಕೊಂಕಣಿಗಳಲ್ಲಿ ಯಾವುದನ್ನು ಬರೀ ಮಾತಾಡುತ್ತೀರಿ, ಯಾವುದನ್ನು ಓದಿ ಬರೆಯಲೂ ಬರುತ್ತದೆ ಎಂದು ಬಿಡಿಸಿ ಹೇಳಿ.

ಮುಂದೆ ಓದುವುದಾದರೆ

ಮುಂಬೈನ ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ (ಟಿಸ್) ಎಂ.ಎ. ಪ್ರವೇಶ ಸಿಯುಇಟಿ-ಪಿಜಿ, ಅಂದರೆ ಸ್ನಾತಕೋತ್ತರ ಕೋರ್ಸುಗಳ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಪರೀಕ್ಷೆ ಈಚೆಗೆ ಮಾರ್ಚ್ ಹೊತ್ತಿಗೆ ನಡೆಯುತ್ತಿದೆ, ಅರ್ಜಿ ಅದಕ್ಕೂ ಎರಡು ಮೂರು ತಿಂಗಳು ಮೊದಲೇ. ಪದವಿಯ ಫಲಿತಾಂಶ ಬರಲಿ ಎಂದು ಕಾದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ಎಂ.ಎ. ಮುಗಿಸೋಣ ಎಂಬ ದಾರಿ ಈಗ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಸೈಕಾಲಜಿ ಕೋರ್ಸ್‌ಗೆ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಆದರೂ ಜಾಹೀರಾತು ನೋಡಿ ದುಡ್ಡು ಕಟ್ಟುವವರಿದ್ದಾರೆ, ಅದು ನಿಜಕ್ಕೂ ಸಂಕಟದ ಸಂಗತಿ.

ಕ್ಲಿನಿಕಲ್ ಕೋರ್ಸ್ ಆದರೆ ಫೀಸು ಕಟ್ಟುವ ಮುನ್ನ ಆರ್‌ಸಿಐ ಜಾಲತಾಣದ ಪಟ್ಟಿ ತೆರೆಯಿರಿ. ಕಾಲೇಜಿನ ಹೆಸರು, ಕೋರ್ಸಿನ ಪೂರ್ತಿ ಹೆಸರು, ಮಾನ್ಯತೆ ಯಾವ ವರ್ಷದವರೆಗೆ ಎಂಬ ಮೂರನ್ನೂ ಪ್ರಾಸ್ಪೆಕ್ಟಸ್ ಜೊತೆ ತಾಳೆ ನೋಡಿ. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ’ ಎಂದರೆ ಮಾನ್ಯತೆ ಇನ್ನೂ ಇಲ್ಲವೆಂದೇ ಅರ್ಥ. ಅಲ್ಲಿ ದುಡ್ಡು ಕಟ್ಟಬೇಡಿ.