ಕಾಲಿನ ನರ ಉಬ್ಬಿದ್ರೆ ಎಂತ ಮಾಡ್ಬೇಕು, ಸ್ಕ್ಯಾನಿಂಗಿಗೆ ಹೋಗುವಾಗ ಎಂತೆಲ್ಲ ನೋಡ್ಕೊಳ್ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ವೇರಿಕೋಸ್ ವೇಯ್ನ್, ಅಂದ್ರೆ ಕಾಲಿನ ರಕ್ತನಾಳ (ನಾವು ನರ ಅನ್ನೋದು) ಉಬ್ಬುವ ತೊಂದರೆ ಇರುವವರು ತುಂಬಾ ಜನ ಸಿಗ್ತಾರೆ. ಹೋಟೆಲಲ್ಲಿ ದಿನವಿಡೀ ನಿಲ್ಲುವವರು, ಕ್ಷೌರದಂಗಡಿಯವರು, ಟೀಚರ್‌ಗಳು, ಎರಡು ಮೂರು ಹೆತ್ತ ಹೆಂಗಸರು. ಸುರುವಿಗೆ ಸಂಜೆ ಹೊತ್ತು ಕಾಲು ಭಾರ, ರಾತ್ರಿ ಮೀನಖಂಡ ಹಿಡ್ಕೊಳ್ಳೋದು, ಆಮೇಲೆ ಬಳ್ಳಿ ಸುತ್ತಿದ ಹಾಗೆ ನರ ಎದ್ದು ಕಾಣ್ತದೆ, ಆಗ್ಲೂ ಸುಮ್ಮನೆ ಬಿಟ್ರೆ ಪಾದದ ಗಂಟಿನ ಒಳಬದಿ ಚರ್ಮ ಕಪ್ಪಾಗಿ ತುರಿಸಿ ತುರಿಸಿ ಒಣಗದ ಹುಣ್ಣಾಗ್ಲಿಕ್ಕೂ ಸಾಕು. ರಕ್ತ ಮೇಲೆ ಹೋಗ್ಲಿಕ್ಕೆ ನರದ ಒಳಗೆ ಸಣ್ಣ ಸಣ್ಣ ವಾಲ್ವ್ ಉಂಟು, ಅದು ಹಾಳಾದ್ರೆ ರಕ್ತ ವಾಪಸ್ ಕೆಳಗೆ ಇಳಿದು ನಿಲ್ತದೆ, ಅಷ್ಟೇ ವಿಷಯ. ತೈಲ ಉಜ್ಜಿದ್ರೆ ವಾಲ್ವ್ ಸರಿಯಾಗುದಿಲ್ಲ ಮಾರಾಯ್ರೆ.

ಡಾಕ್ಟ್ರು ಮೊದಲು ಬರೆಯೋದು ಡಾಪ್ಲರ್ ಸ್ಕ್ಯಾನ್, ಅಂದ್ರೆ ನರದಲ್ಲಿ ರಕ್ತ ಯಾವ ಕಡೆ ಹರೀತದೆ ಅಂತ ನೋಡುವ ಅಲ್ಟ್ರಾಸೌಂಡ್. ಇದಕ್ಕೆ ಖಾಲಿ ಹೊಟ್ಟೆ ಬೇಡ, ಇಂಜೆಕ್ಷನ್ ಇಲ್ಲ, ರೇಡಿಯೇಷನ್ ಇಲ್ಲ. ತೊಡೆಸಂದಿಯಿಂದ ಪಾದದವರೆಗೆ ನೋಡ್ತಾರೆ, ಹಾಗಾಗಿ ಟೈಟ್ ಪ್ಯಾಂಟ್ ಹಾಕ್ಕೊಂಡು ಹೋಗ್ಬೇಡಿ, ಗಂಡಸರಿಗೆ ಮುಂಡು ಅಥವಾ ಲುಂಗಿ ಒಳ್ಳೇದು. ತಣ್ಣಗಿನ ಜೆಲ್ ಹಚ್ಚಿ, ನಿಮ್ಮನ್ನು ನಿಲ್ಲಿಸಿ, ಭಾರ ಇನ್ನೊಂದು ಕಾಲಿಗೆ ಹಾಕ್ಲಿಕ್ಕೆ ಹೇಳಿ ಮೀನಖಂಡ ಒಮ್ಮೆ ಒತ್ತಿ ಬಿಡ್ತಾರೆ. ಒತ್ತುವಾಗ ರಕ್ತ ಮೇಲೆ ಹೋಗ್ತದೆ, ಬಿಟ್ಟಾಗ ಅಲ್ಲೇ ನಿಲ್ಬೇಕು, ಚರ್ಮದಡಿಯ ನರದಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ವಾಪಸ್ ಬಂದ್ರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ, ಮೆಷಿನಿಂದ ಬುಸ್ ಅಂತ ಸೌಂಡ್ ಬರ್ತದೆ, ಸ್ಕ್ರೀನಲ್ಲಿ ಕೆಂಪು ನೀಲಿ ಬದಲಾಗೋದು ನಿಮಗೇ ಕಾಣ್ತದೆ. ಪೂರ್ತಿ ಮಲಗಿಸಿಯೇ ಮುಗಿಸಿದ್ರೆ ನಿಲ್ಲಿಸಿ ನೋಡ್ಲಿಕ್ಕಿಲ್ವಾ ಅಂತ ಕೇಳಿ. ನಿಲ್ಲುವಾಗ ತಲೆ ತಿರುಗಿದ್ರೆ ಕೂಡಲೇ ಹೇಳಿ, ಕೆಲವರಿಗೆ ಆಗ್ತದೆ.

ರಿಪೋರ್ಟ್ ಬಂದ ಮೇಲೆ ಎರಡೇ ಪ್ರಶ್ನೆ ಮುಖ್ಯ. ಯಾವ ನರ ಕೆಟ್ಟದ್ದು? ಒಳಗಿನ ದೊಡ್ಡ ನರ, ಡೀಪ್ ವೇಯ್ನ್ ಅಂತಾರಲ್ಲ, ಅದರಲ್ಲಿ ಹೆಪ್ಪುಗಟ್ಟಿದ್ದು ಏನಾದ್ರೂ ಉಂಟಾ? ಯಾಕಂದ್ರೆ ಚಿಕಿತ್ಸೆಯಲ್ಲಿ ಕೆಟ್ಟ ಮೇಲಿನ ನರ ಮುಚ್ಚಿದ ಮೇಲೆ ರಕ್ತ ಹೋಗ್ಬೇಕಾದ್ದು ಆ ಒಳಗಿನ ದಾರಿಯಲ್ಲೇ. ಡಾಪ್ಲರ್ ಮಾಡದೆ ಬರೀ ಕಣ್ಣಲ್ಲಿ ನೋಡಿ ನಾಳೆಯೇ ಲೇಸರ್ ಮಾಡುವ ಅಂದ್ರೆ ನಾನಾದ್ರೆ ಎದ್ದು ಬರ್ತೇನೆ.

ಬೇರೆ ಸ್ಕ್ಯಾನಿಂಗಿನ ತಯಾರಿ ಬೇರೆ, ಇದರಲ್ಲೇ ಜನ ಗಲಿಬಿಲಿ ಆಗೋದು. ಹೊಟ್ಟೆಯ ಅಲ್ಟ್ರಾಸೌಂಡಿಗೆ ಸಾಧಾರಣ 6 ಗಂಟೆ ಏನೂ ತಿನ್ಬಾರ್ದು, ಕೆಳಹೊಟ್ಟೆಗೆ ಆದ್ರೆ ನೀರು ಕುಡಿದು ಮೂತ್ರ ಕಟ್ಟಿಕೊಂಡಿರ್ಬೇಕು. ಎಕ್ಸ್‌ರೇ, ಸಿಟಿ ಎರಡರಲ್ಲೂ ರೇಡಿಯೇಷನ್ ಉಂಟು, ಗರ್ಭಿಣಿ ಆಗಿರಬಹುದು ಅಂತ ಸಂಶಯ ಇದ್ರೂ ಮೊದಲೇ ಹೇಳಿ. ಸಿಟಿ ಬೇಗ ಮುಗೀತದೆ, ಆದ್ರೆ ಚಿತ್ರ ಸ್ಪಷ್ಟ ಕಾಣ್ಲಿಕ್ಕೆ ನರಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಹಾಕುದಾದ್ರೆ ಕ್ರಿಯಾಟಿನಿನ್ ರಿಪೋರ್ಟ್, ಅಂದ್ರೆ ಕಿಡ್ನಿ ಹೇಗುಂಟು ಅಂತ ನೋಡುವ ರಕ್ತಪರೀಕ್ಷೆ ಕೇಳ್ತಾರೆ. ಕಿಡ್ನಿ ತೊಂದರೆ, ಹಿಂದೆ ಆದ ಅಲರ್ಜಿ, ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ಎಲ್ಲ ಹೇಳ್ಬೇಕು. ಆ ಔಷಧಿ ಹೋಗುವಾಗ ಮೈಯೆಲ್ಲ ಬಿಸಿಯಾಗಿ ಮೂತ್ರ ಹೋಯ್ತೇನೋ ಅಂತ ಅನಿಸ್ತದೆ, ಹೋಗಿರುದಿಲ್ಲ, ಹೆದರ್ಬೇಡಿ. ಎಂಆರ್‌ಐಯಲ್ಲಿ ರೇಡಿಯೇಷನ್ ಇಲ್ಲ, ಅಲ್ಲಿ ಭಯ ಅಯಸ್ಕಾಂತದ್ದು. ಕರಿಮಣಿ, ಕಾಲುಂಗುರ, ತಾಯತ, ಸೊಂಟದ ಉಡಿದಾರ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ಅಲ್ಲಿ ಬಿಚ್ಚಿ ಯಾರ ಕೈಯಲ್ಲಿ ಕೊಡೋದು? ಪೇಸ್‌ಮೇಕರ್ ಇದ್ದವರು, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದವರು ಅದನ್ನು ಹೇಳದೆ ಒಳಗೆ ಕಾಲಿಡ್ಬಾರ್ದು. ಒಪ್ಪಿಗೆ ಫಾರ್ಮ್ ಇಲ್ಲಿ ಮಲಯಾಳದಲ್ಲೋ ಇಂಗ್ಲಿಷಲ್ಲೋ ಇದ್ರೆ, ಓದ್ಲಿಕ್ಕೆ ಬರದವರು ಸುಮ್ಮನೆ ಸೈನ್ ಹಾಕ್ಬೇಡಿ, ಓದಿ ಹೇಳಿ ಅಂತ ಕೇಳಿ.

ಇನ್ನು ಚಿಕಿತ್ಸೆ. ಲೇಸರ್ ಆಗ್ಲಿ ಆರ್‌ಎಫ್ (ರೇಡಿಯೋ ಅಲೆಯಿಂದ ಬಿಸಿ ಮಾಡೋದು) ಆಗ್ಲಿ ಕ್ರಮ ಒಂದೇ, ಹೆಚ್ಚಾಗಿ ಮೊಣಕಾಲಿನ ಹತ್ತಿರ ಸಣ್ಣ ತೂತು ಮಾಡಿ ಸ್ಕ್ಯಾನ್ ನೋಡ್ತಾ ನರದೊಳಗೆ ತೆಳು ವಯರ್ ಕಳಿಸಿ ಬಿಸಿ ಮಾಡಿ ಮುಚ್ಚೋದು. ನರದ ಸುತ್ತ ಮರಗಟ್ಟುವ ಔಷಧಿ ಹಾಕ್ಲಿಕ್ಕೆ ಹಲವು ಕಡೆ ಚುಚ್ಚುತ್ತಾರೆ, ಜನ ನೋವು ಅಂತ ಹೇಳೋದು ಹೆಚ್ಚಾಗಿ ಅದನ್ನೇ. ಸಣ್ಣ ನರಗಳಿಗೆ ನೊರೆಯ ಹಾಗಿನ ಔಷಧಿಯ ಫೋಮ್ ಇಂಜೆಕ್ಷನ್, ಕೆಲವು ಕಡೆ ಅಂಟು ಹಾಕಿ ಮುಚ್ಚುವುದೂ ಉಂಟು. ಹೆಚ್ಚಿನವರು ಅದೇ ದಿನ ನಡೀತಾರೆ, ನಡೀಲೇಬೇಕು. ಮಂಗಳೂರಿಗೆ ಹೋಗಿ ಮಾಡಿಸುವವರು ಕೇರಳ ಸರ್ಕಾರದ ಆರೋಗ್ಯ ವಿಮೆಯ ಕಾರುಣ್ಯ ಕಾರ್ಡ್ ಅಲ್ಲಿ ನಡೀತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಬರುವಾಗ ರೈಲಲ್ಲೋ ಕಾರಲ್ಲೋ ಕಾಲು ಇಳಿಬಿಟ್ಟು ಸುಮ್ಮನೆ ಕೂರದೆ ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ. ಸ್ವಲ್ಪ ದಿನ ನೀಲಿ ಕಲೆ, ತೊಡೆಯಲ್ಲಿ ಹಗ್ಗ ಎಳೆದ ಹಾಗೆ ಬಿಗಿತ ಇರ್ತದೆ. ಆದ್ರೆ ಒಂದೇ ಕಾಲು ದಪ್ಪ ಊದಿ ನೋವು ಬಂದ್ರೆ, ಎದೆನೋವು ಅಥವಾ ಉಸಿರು ಕಟ್ಟಿದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಸೀದಾ ಕ್ಯಾಶುವಾಲಿಟಿಗೆ ಹೋಗಿ. ಉಬ್ಬಿದ ನರ ಒಡೆದು ರಕ್ತ ಬಂದ್ರೆ ಮಲಗಿ, ಕಾಲು ಎತ್ತಿ, ಬಟ್ಟೆಯಿಂದ ಗಟ್ಟಿ ಒತ್ತಿ ಹಿಡ್ಕೊಂಡು ಆಸ್ಪತ್ರೆಗೆ ಹೊರಡಿ.

ಡಾಕ್ಟ್ರು ಸ್ಟಾಕಿಂಗ್ಸ್, ಅಂದ್ರೆ ಕಾಲನ್ನು ಬಿಗಿ ಹಿಡಿಯುವ ಇಲಾಸ್ಟಿಕ್ ಕಾಲುಚೀಲ ಹೇಳಿದ್ರೆ ಅಳತೆ ತೆಗೆಸಿಯೇ ತಗೊಳ್ಳಿ, ಕಾಲಿಗೆ ರಕ್ತ ಬರುವ ನಾಳದಲ್ಲೇ ತೊಂದರೆ ಇದ್ದವರು ಡಾಕ್ಟ್ರ ಹತ್ತಿರ ಕೇಳದೆ ಹಾಕ್ಲೇಬಾರ್ದು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕ್ಬೇಕು, ಕಾಲು ಊದಿದ ಮೇಲೆ ಅದು ಹತ್ತುದಿಲ್ಲ. ನಮ್ಮ ಮಳೆಗಾಲದಲ್ಲಿ ಒಂದು ಜೊತೆ ಒಣಗುದೇ ಇಲ್ಲ, ಎರಡು ಜೊತೆ ಇರ್ಲಿ, ಬಚ್ಚಲ ಒಲೆಯ ಹತ್ತಿರ ಮಾತ್ರ ಒಣಗಿಸ್ಬೇಡಿ, ಇಲಾಸ್ಟಿಕ್ ಸತ್ತುಹೋಗ್ತದೆ.